ಆಟಮ್, ನ್ಯಾನೊ ಮತ್ತು ಹೋಗದ ಕರೆಂಟು

ಗೆಳೆಯರೇ, ಇವತ್ತು ಮುದ್ದೇಬಿಹಾಳದ ಕಂಪ್ಯೂಟರ್ ಅಂಗಡಿಯಲ್ಲಿ ಕರೆಂಟ್ ಹೋಗಲಪ್ಪಾ ಎಂದು ಊದುಬತ್ತಿ ಹಚ್ಚುವುದೊಂದೇ ಬಾಕಿಯಿತ್ತು.

ನಾಲತವಾಡದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಗೆಳೆಯ ಸಂಗಪ್ಪನಿಗೆ ಹೊಸ ಕಂಪ್ಯೂಟರ್ ಬೇಕಿತ್ತು. ದಿನಾ ಮಧ್ಯಾಹ್ನ ಕರೆಂಟ್ ಹೋಗಿ, ಅರ್ಧ ಟೈಪಾದ ಪತ್ರಿಕೆ ಮಾಯವಾಗಿ, ಮೊನ್ನೆ ಮದುಮಗನ ಅಪ್ಪನೊಬ್ಬ ಬಂದು ಬಾಯಿಗೆ ಬಂದಂತೆ ಬೈದು ಹೋಗಿದ್ದ. ಕಂಪ್ಯೂಟರ್ ಮಾರುವ ಈರಣ್ಣ ಎರಡು ಅಗ್ಗದ ಪೆಟ್ಟಿಗೆ ತೋರಿಸಿದ. ಒಂದರೊಳಗೆ ಆಟಮ್ ಪ್ರೊಸೆಸರ್, ಇನ್ನೊಂದರೊಳಗೆ ನ್ಯಾನೊ.

"ನ್ಯಾನೊ ಜಿಗಿದು ಓಡತೈತ್ರಿ. ಆಟಮ್ ನಿಧಾನ, ಆದ್ರ ಕರೆಂಟ್ ಉಣ್ಣೂದು ಕಡಿಮಿ," ಎಂದ.

"ಬಾಯಿಮಾತು ಬ್ಯಾಡೋ ತಮ್ಮಾ. ಹೂಡಿ ನೋಡದ ಎತ್ತು ಯಾರರ ತಗೋತಾರೇನು?" ಎಂದೆ ನಾನು.

ಕರೆಂಟ್ ಹೋದ ಮೇಲೆ ಯಾವುದು ಹೆಚ್ಚು ಹೊತ್ತು ನಡೆಯುತ್ತದೆ ನೋಡೋಣವೆಂದು ಎರಡಕ್ಕೂ ಒಂದೇ ಅಳತೆಯ ಯುಪಿಎಸ್ ಬ್ಯಾಟರಿ ಹಚ್ಚಿದೆವು. ಇಲ್ಲೂ ದಿನಾ ಎರಡು ಗಂಟೆಗೆ ಕರೆಂಟ್ ತಪ್ಪದೆ ಹೋಗುತ್ತದಲ್ಲ, ಕಾದು ಕುಳಿತೆವು. ಮೂರಾಯಿತು, ನಾಲ್ಕಾಯಿತು, ಹೋಗಲಿಲ್ಲ. ಸಂಗಪ್ಪ ಸಿಟ್ಟಾಗಿ ಕರೆಂಟ್ ಆಫೀಸಿಗೆ ಫೋನ್ ಹಚ್ಚಿದ.

"ಸಾಹೇಬ್ರ, ಇವತ್ತ ಯಾಕ ಇನ್ನೂ ಕರೆಂಟ್ ತಗದಿಲ್ರಿ? ನಮ್ಮ ಕೆಲಸ ನಿಂತೈತಿ!"

ಆ ಕಡೆಯವರು ಕೇಳಿದರು: "ಯಜಮಾನ್ರ, ನಿಮ್ಮ ಅಂಗಡ್ಯಾಗ ಮೇನ್ ಸ್ವಿಚ್ ಇಲ್ಲೇನ್ರಿ?"

ಸ್ವಿಚ್ ಆರಿಸಿದೆವು. ನ್ಯಾನೊ ಮೊದಲು ಮಲಗಿತು. ಆಟಮ್ ಇನ್ನೊಂದು ಚಹಾ ಕುಡಿಯುವಷ್ಟು ಹೊತ್ತು ಉಸಿರಾಡಿತು. ಸಂಗಪ್ಪ ಅದನ್ನೇ ಕೊಂಡು, ಎದೆಗವುಚಿಕೊಂಡು ಬಸ್ ಹತ್ತಿದ. ಆಟಮ್ ನಿಧಾನವಂತೆ. ಇರಲಿ ಬಿಡಿ, ನಮ್ಮ ಮೂವರ ತಲೆಗಿಂತ ಎರಡು ತಾಸು ಮುಂದಿದೆ.