ಬೀಗದಮ್ಮನ ಮೋಟರುಗಳು

ಶಾಲೆಯ ವರ್ಕ್‌ಶಾಪಿನ ಸ್ಟೋರ್ ನೋಡಿಕೊಳ್ಳುವ ಹೆಂಗಸಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇತ್ತು, ಆದರೆ ಅದು ಹಾಜರಿಯಲ್ಲಿ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಮಕ್ಕಳಿಗೆ, ಮೇಷ್ಟ್ರುಗಳಿಗೆ, ಗೇಟಿನ ಕಾವಲುಗಾರನಿಗೆ ಕೂಡ ಆಕೆ ಬೀಗದಮ್ಮ. ಕೊರಳಲ್ಲಿ ದಾರಕ್ಕೆ ಪೋಣಿಸಿದ ಕೀಲಿಗೊಂಚಲು. ಆಕೆ ಕಾರಿಡಾರಿನ ಆ ತುದಿಯಲ್ಲಿ ತಿರುಗಿದರೆ ಈ ತುದಿಯ ತರಗತಿಯಲ್ಲಿ ಗದ್ದಲ ನಿಲ್ಲುತ್ತಿತ್ತು. ಆ ಹೆಸರನ್ನು ಬೆನ್ನ ಹಿಂದೆ ಕಟ್ಟಿದ್ದೆಂದು ಆಕೆಗೂ ಗೊತ್ತಿತ್ತು. ಬೇಸರವೇನಿರಲಿಲ್ಲ, ಹೆಮ್ಮೆಯೇ ಇತ್ತು.

ಮನೆಯಲ್ಲೂ ಅದೇ ದರ್ಬಾರು. ಟಿವಿಯ ರಿಮೋಟು ತಂದ ದಿನದ ಪ್ಲಾಸ್ಟಿಕ್ ಕವರಿನೊಳಗೇ ಇತ್ತು, ಯಾವ ಗುಂಡಿ ಯಾವುದೆಂದು ಕಾಣದೆ ಅಂದಾಜಿನ ಮೇಲೆ ಒತ್ತಬೇಕು. ಒಳ್ಳೆಯ ಕಪ್ಪುಗಳು ಗಾಜಿನ ಬೀರುವಿನಲ್ಲಿದ್ದವು. ನೆಂಟರು ಬಂದಾಗ ಅವಕ್ಕೆ ಬಿಡುಗಡೆ, ಅದೂ ಗಂಡಸರಿಗೆ ಕೊಟ್ಟರೆ ಕೆಳಗಿಡುವವರೆಗೆ ಆಕೆ ಕಣ್ಣು ತೆಗೆಯುತ್ತಿರಲಿಲ್ಲ. ಗಂಡ ಒಮ್ಮೆ, "ನನ್ನನ್ನೂ ಕವರ್‌ನಲ್ಲಿ ಹಾಕಿಡ್ತೀಯೇನೋ ಅಂತ ಭಯ ಕಣೆ" ಎಂದಿದ್ದ. "ಹಾಕಿಟ್ಟಿದ್ರೆ ಕೂದಲಾದ್ರೂ ಉಳೀತಿತ್ತು" ಎಂದಿದ್ದಳು ಬೀಗದಮ್ಮ.

ಇಂಥವಳ ಕೈಗೆ ಮೋಟರುಗಳು ಬಂದವು. ಸಮುದ್ರದಾಚೆಯ ದೇಶದ ಒಂದು ತಾಂತ್ರಿಕ ಶಾಲೆಗೂ ಈ ಶಾಲೆಗೂ ಕೆಲವು ವರ್ಷಗಳ ಹಿಂದೆ ಒಪ್ಪಂದವಾಗಿತ್ತು. ಅವರು ಯಂತ್ರ ಕಳಿಸುವುದು, ಪಾಠದ ಕ್ರಮ ಹೇಳಿಕೊಡುವುದು. ಇವರು ಮಕ್ಕಳಿಗೆ ಕಲಿಸುವುದು. ಮರದ ಪೆಟ್ಟಿಗೆಗಳಲ್ಲಿ ಹೊಳೆಯುವ ನೀಲಿ ಮೋಟರುಗಳು, ಮೈತುಂಬ ತೆಳುವಾದ ಪ್ಲಾಸ್ಟಿಕ್ ಹಾಳೆ. ಬೀಗದಮ್ಮ ಆ ಹಾಳೆಯನ್ನು ಉಗುರಿನಷ್ಟೂ ಕೀಳಲು ಬಿಡಲಿಲ್ಲ. ಮೋಟರುಗಳು ಗಾಜಿನ ಬಾಗಿಲಿನ ಬೀರು ಸೇರಿದವು. ಪ್ರತಿ ಶನಿವಾರ ಮೆತ್ತನೆಯ ಬಟ್ಟೆಯಿಂದ ಒರೆಸುವುದು, ಮತ್ತೆ ಬೀಗ. ವರ್ಕ್‌ಶಾಪಿನ ಮೇಷ್ಟ್ರು ಬೋರ್ಡಿನ ಮೇಲೆ ಮೋಟರಿನ ಚಿತ್ರ ಬರೆದು ಪಾಠ ಮಾಡಿದರು. ಮಕ್ಕಳು ಚಿತ್ರ ನೋಡಿ ಬರೆದುಕೊಂಡರು, ಗಾಜಿನೊಳಗಿನ ಮೋಟರಿಗೆ ದೂರದಿಂದಲೇ ಕೈಮುಗಿಯುವುದೊಂದು ಬಾಕಿ.

ವರ್ಷಕ್ಕೊಮ್ಮೆ ಆ ದೇಶದ ಅಧಿಕಾರಿಗಳು ಬರುತ್ತಿದ್ದರು. ಬೀರುವಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಿದ್ದರು. "ನಮ್ಮ ಬೀಗದಮ್ಮ ಇರೋವರೆಗೂ ಒಂದು ಸ್ಕ್ರೂನೂ ಅಲ್ಲಾಡಲ್ಲ" ಎಂದು ಹೆಡ್‌ಮಾಸ್ಟರು ಎದೆಯುಬ್ಬಿಸಿ ಹೇಳುತ್ತಿದ್ದರು. ಮಾತು ಅಕ್ಷರಶಃ ನಿಜವಾಗಿತ್ತು.

ಈ ವರ್ಷ ಬೇರೆ ಸುದ್ದಿ ಬಂತು. ಎರಡೂ ದೇಶಗಳು ಸೇರಿ ಊರಲ್ಲೇ ಒಂದು ತರಬೇತಿ ಕೇಂದ್ರ ತೆರೆದಿದ್ದವು. ಕೊನೆಯ ತರಗತಿಯ ಮಕ್ಕಳಲ್ಲಿ ಯಾರು ಮೋಟರು ಬಿಚ್ಚಿ, ತಂತಿ ಸುತ್ತಿ, ಜೋಡಿಸಿ ಓಡಿಸುತ್ತಾರೋ ಅವರಿಗೆ ಅಲ್ಲಿ ಸೀಟು, ಮುಗಿಸಿದವರಿಗೆ ಕೆಲಸ. ಪರೀಕ್ಷೆ ಮಾಡಲು ಅಧಿಕಾರಿಗಳ ಬದಲು ಅಲ್ಲಿನ ಶಾಲೆಯ ವರ್ಕ್‌ಶಾಪ್ ಟೀಚರೇ ಬರುತ್ತಾರಂತೆ, ಮುಂದಿನ ತಿಂಗಳು.

ಬೀಗದಮ್ಮನ ತಂಗಿಯ ಮಗಳು ಅದೇ ತರಗತಿಯಲ್ಲಿದ್ದಳು. ತಂಗಿಯ ಊರಲ್ಲಿ ಇಂಥ ಶಾಲೆ ಇಲ್ಲವೆಂದು ದೊಡ್ಡಮ್ಮನ ಮನೆಯಲ್ಲಿದ್ದು ಓದುತ್ತಿದ್ದಳು. ಸುದ್ದಿ ಬಂದ ಸಂಜೆ ಬೀಗದಮ್ಮ ಮನೆಗೆ ಬಂದರೆ, ನಡುಮನೆಯಲ್ಲಿ ಟೇಬಲ್ ಫ್ಯಾನು ಚೂರುಚೂರಾಗಿ ಹಳೆ ಪೇಪರಿನ ಮೇಲೆ ಬಿದ್ದಿತ್ತು. ಮದುವೆಯಾದ ವರ್ಷ ಕೊಂಡ ಫ್ಯಾನು. ಆಕೆಗೆ ಪಿತ್ತ ನೆತ್ತಿಗೇರಿತು.

"ಏನೇ ಇದು? ಯಾರನ್ನ ಕೇಳಿ ಬಿಚ್ಚಿದೆ?"

ಹುಡುಗಿ ತಲೆ ಎತ್ತಲಿಲ್ಲ. ಕೈಯಲ್ಲಿ ಸ್ಕ್ರೂಡ್ರೈವರ್, ಹಣೆಯ ಮೇಲೆ ಗ್ರೀಸು. "ಶಾಲೇಲಿರೋದನ್ನ ನೀನು ಮುಟ್ಟೋಕೆ ಬಿಡಲ್ವಲ್ಲ ದೊಡ್ಡಮ್ಮ. ಪರೀಕ್ಷೆ ದಿನಾನೇ ಮೊದಲನೇ ಸಲ ಮೋಟರ್ ಮುಟ್ಟಿದ್ರೆ ಕೈ ನಡುಗುತ್ತೆ. ಮನೇದನ್ನಾದ್ರೂ ಬಿಚ್ಚಿ ನೋಡೋಣ ಅಂತ."

ಬೀಗದಮ್ಮ ಪೇಪರಿನ ಪಕ್ಕ ಕುಸಿದು ಕೂತಳು. ಇಷ್ಟು ವರ್ಷ ತಾನು ಮಕ್ಕಳಿಗೋಸ್ಕರ ಮೋಟರು ಕಾಯುತ್ತಿದ್ದೇನೆ ಎಂದುಕೊಂಡಿದ್ದಳು. ಕಾಯ್ದದ್ದು ಮಕ್ಕಳಿಂದ ಎಂದು ಈಗ ಹೊಳೆಯಿತು.

ಆದರೆ ಕೊರಗುತ್ತ ಕೂರುವ ಜಾಯಮಾನ ಆಕೆಯದಲ್ಲ. ಮರುದಿನ ಬೆಳಿಗ್ಗೆ ಮೊದಲ ಪಾಠಕ್ಕೆ ಮುಂಚೆಯೇ ಬೀರುವಿನ ಬಾಗಿಲುಗಳು ಹಾರುಹೊಡೆದಿದ್ದವು. ಹೆಡ್‌ಮಾಸ್ಟರು ಓಡಿ ಬಂದರು.

"ಏನಮ್ಮಾ ಇದು? ಅವರು ಬರೋ ಹೊತ್ತಿಗೆ ಇವನ್ನೆಲ್ಲ ಕೆಡಿಸಿಟ್ರೆ ಏನು ಮುಖ ತೋರಿಸೋದು?"

"ಕೆಟ್ರೆ ನನ್ನ ತಲೆ ಮೇಲೆ ಹಾಕಿ ಸಾರ್. ಓಡಿಸೋಕೆ ಬರದೇ ಇದ್ರೆ ಯಾರ ತಲೆ ಮೇಲೆ ಹಾಕ್ತೀರ?"

ಹೆಡ್‌ಮಾಸ್ಟರು ಕೊನೆಗೆ ಒಂದು ಚೌಕಾಶಿಗೆ ಬಂದರು. ಬೀರುವಿನ ಮುಂದಿನ ಸಾಲಿನ ಮೋಟರುಗಳನ್ನು ಹಾಳೆ ಸಮೇತ ಹಾಗೇ ಬಿಡಬೇಕು, ಮರ್ಯಾದೆಗೆ. ಮಿಕ್ಕವು ಮಕ್ಕಳಿಗೆ.

ಮುಂದಿನ ವಾರಗಳಲ್ಲಿ ಬೀಗದಮ್ಮ ಪಟ್ಟ ಪಾಡು ಅಷ್ಟಿಷ್ಟಲ್ಲ. ನೀಲಿ ಬಣ್ಣದ ಮೇಲೆ ಗೀರು ಬಿದ್ದಾಗಲೆಲ್ಲ ತನ್ನ ಕೆನ್ನೆಗೇ ಬಿದ್ದಂತೆ ಹಲ್ಲು ಕಚ್ಚುತ್ತಿದ್ದಳು. ಬೈಗುಳಕ್ಕೇನೂ ಕಡಿಮೆ ಮಾಡಲಿಲ್ಲ. ಸ್ಪ್ಯಾನರ್ ಕೆಳಗೆ ಬಿದ್ದರೆ ಬೀಳಿಸಿದವನ ಏಳು ತಲೆಮಾರು ಎದ್ದು ಕೂರುವಂತೆ ಬೈದು, ಅದನ್ನೇ ಎತ್ತಿ ಮತ್ತೆ ಅವನ ಕೈಗೆ ಕೊಡುತ್ತಿದ್ದಳು. ಒಂದು ದಿನ ತಂಗಿಯ ಮಗಳು ತಂತಿಯನ್ನು ತಪ್ಪಾಗಿ ಜೋಡಿಸಿ ಸ್ವಿಚ್ ಒತ್ತಿದಳು. ಮೋಟರು ಗುರ್ರೆಂದು ನಿಂತು ಹೊಗೆಯಾಡಿತು. ಹುಡುಗಿಯ ಕಣ್ಣಲ್ಲಿ ನೀರು. "ಅಳೋದು ಆಮೇಲೆ, ಮೊದಲು ಸ್ವಿಚ್ ಆರಿಸು" ಎಂದಳು ದೊಡ್ಡಮ್ಮ. ಹೆಡ್‌ಮಾಸ್ಟರು ಟೀಚರು ಬರುವ ಮುಂಚೆ ಅದನ್ನೂ ಗೀರು ಬಿದ್ದ ಮಿಕ್ಕವನ್ನೂ ಹಿಂದಿನ ಕೋಣೆಗೆ ಸಾಗಿಸಿ ಗೋಣಿಚೀಲ ಮುಚ್ಚಿಸಿದರು.

ಟೀಚರು ಬಂದ ದಿನ ಶಾಲೆಗೇ ಇಸ್ತ್ರಿ ಹಾಕಿದಂತಿತ್ತು. ಎತ್ತರದ ಹೆಂಗಸು, ಉಗುರಿನ ಸಂದಿಯಲ್ಲಿ ತೊಳೆದರೂ ಹೋಗದ ಗ್ರೀಸು. ಹೆಡ್‌ಮಾಸ್ಟರು ನೇರ ಮುಂದಿನ ಸಾಲಿಗೆ ಕರೆದೊಯ್ದರು. ಆಕೆ ಒಂದು ಮೋಟರಿನ ಹಾಳೆಯ ಅಂಚನ್ನು ಉಗುರಿನಿಂದ ಎತ್ತಿ ನೋಡಿದರು, ಪಕ್ಕದ್ದನ್ನೂ ನೋಡಿದರು. ಮುಖ ಸಪ್ಪಗಾಯಿತು. ಏನೋ ಹೇಳಿದರು. ಅವರ ಭಾಷೆ ಬಲ್ಲ ವರ್ಕ್‌ಶಾಪಿನ ಮೇಷ್ಟ್ರಿಗೆ ಅದನ್ನು ಕನ್ನಡದಲ್ಲಿ ಹೇಳುವುದೇ ಕಷ್ಟವಾಯಿತು.

"ಇಷ್ಟು ವರ್ಷ ಹಾಳೆ ಕೂಡ ತೆಗೆದಿಲ್ಲ ಅಂದ್ರೆ ಮಕ್ಕಳು ಏನೂ ಕಲಿತಿರಲ್ಲ ಅಂತಿದ್ದಾರೆ. ಮೋಟರುಗಳನ್ನ ಬೇರೆ ಶಾಲೆಗೆ ಕೊಡಿಸ್ತಾರಂತೆ. ಪರೀಕ್ಷೆನೂ ಅಲ್ಲಿನ ಮಕ್ಕಳಿಗೇ."

ತಂಗಿಯ ಮಗಳು ತನ್ನ ಅಂಗೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಬೀಗದಮ್ಮ ಹಿಂದಿನ ಕೋಣೆಗೆ ಹೋದಳು. ಬರುವಾಗ ಸುಟ್ಟ ಮೋಟರನ್ನು ಕೂಸಿನಂತೆ ಎದೆಗವಚಿಕೊಂಡು ತಂದು ಟೀಚರ ಮುಂದಿನ ಮೇಜಿನ ಮೇಲೆ ಧೊಪ್ಪನೆ ಇಟ್ಟಳು.

"ಹಾಳೆ ತೆಗೆಯೋಕೆ ಬಿಡದೇ ಇದ್ದೋಳು ನಾನು, ಮಕ್ಕಳಲ್ಲ ಅಂತ ಹೇಳಿ ಮೇಷ್ಟ್ರೇ. ಈ ತಿಂಗಳು ಬಿಟ್ಟಿದೀನಿ. ಇದು ನಮ್ಮ ಮಕ್ಕಳು ಸುಟ್ಟಿದ್ದು. ಗೀರಿದ್ದು, ಒಡೆದಿದ್ದು ಇನ್ನೂ ಒಳಗಿವೆ, ಎಲ್ಲಾ ತರ್ತೀನಿ."

ಹೆಡ್‌ಮಾಸ್ಟರು ಗೋಡೆಯ ಕಡೆ ತಿರುಗಿಕೊಂಡರು. ಟೀಚರು ಮೋಟರಿನ ಮೇಲೆ ಬಗ್ಗಿ ಸುಟ್ಟ ತಂತಿಯ ವಾಸನೆ ನೋಡಿದರು. ಮೊದಲ ಸಲ ನಕ್ಕರು. ಯಾರು ಸುಟ್ಟದ್ದೆಂದು ಕೇಳಿದರು. ಹುಡುಗಿ ಮುಂದೆ ಬಂದಳು.

"ಹಾಗಾದ್ರೆ ನಿನ್ನ ಪರೀಕ್ಷೆ ಇದ್ರ ಮೇಲೇನೇ ಅಂತೆ" ಎಂದರು ಮೇಷ್ಟ್ರು. "ಯಾಕೆ ಸುಟ್ಟಿತು ಹೇಳ್ಬೇಕು, ಸರಿ ಮಾಡ್ಬೇಕು."

ಟೀಚರು ಕೋಟು ಕಳಚಿ ಸ್ಟೂಲು ಎಳೆದುಕೊಂಡು ಕೂತರು. ಗೀರು ಬಿದ್ದ ಮೋಟರುಗಳು ಉಳಿದ ಮಕ್ಕಳ ಮುಂದೆ ಬಂದವು. ಸಾಲದೆ ಬಂದಾಗ ಹೆಡ್‌ಮಾಸ್ಟರೇ ಮುಂದಿನ ಸಾಲಿನವುಗಳ ಹಾಳೆ ಕಿತ್ತರು. ಕೀಳುವಾಗಿನ ಪರಪರ ಸದ್ದಿಗೆ ಬೀಗದಮ್ಮ ಕಣ್ಣು ಮುಚ್ಚಿಕೊಂಡಳು, ಅಷ್ಟೇ. ಹುಡುಗಿ ಕಪ್ಪಾದ ತಂತಿಯನ್ನು ಬಿಡಿಸಿ ತೆಗೆದಳು, ಎಲ್ಲಿ ತಪ್ಪಿದೆನೆಂದು ತೋರಿಸಿದಳು, ಹೊಸ ತಂತಿ ಸುತ್ತುತ್ತ ಸುತ್ತುತ್ತ ಮಧ್ಯಾಹ್ನದ ಊಟ ಮರೆತಳು. ಕೈ ನಡುಗಲಿಲ್ಲ. ಸಂಜೆ ಬಿಸಿಲು ಕಿಟಕಿಯಿಂದ ಮೇಜಿಗೆ ಬೀಳುವ ಹೊತ್ತಿಗೆ ಸ್ವಿಚ್ ಒತ್ತಿದಳು. ಮೋಟರು ಒಂದು ಕ್ಷಣ ಯೋಚಿಸಿ, ಓಡಿತು.

ಟೀಚರು ಕಿವಿಗೊಟ್ಟು ಕೇಳಿ, ತಲೆದೂಗಿ, ಮೇಷ್ಟ್ರಿಗೆ ಏನೋ ಹೇಳಿದರು.

"ಕೇಂದ್ರಕ್ಕೆ ಯಾವತ್ತಿಂದ ಬರ್ತೀಯ ಅಂತ ಕೇಳ್ತಿದ್ದಾರೆ" ಎಂದರು ಮೇಷ್ಟ್ರು.

ಹುಡುಗಿ ಉತ್ತರ ಕೊಡುವ ಮೊದಲು ಹಿಂದೆ ತಿರುಗಿದಳು. "ದೊಡ್ಡಮ್ಮ, ಬಾ ಇಲ್ಲಿ. ಕೈ ಇಟ್ಟು ನೋಡು."

ಬೀಗದಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಮೋಟರಿನ ಮೇಲಿಟ್ಟಳು. ವರ್ಷಗಟ್ಟಲೆ ಶನಿವಾರ ಶನಿವಾರ ಒರೆಸಿದ್ದ ಮೈ. ಆಗೆಲ್ಲ ಅದು ತಣ್ಣಗೇ ಇರುತ್ತಿತ್ತು. ಈಗ ಅದು ಅಂಗೈಯ ಕೆಳಗೆ ಸಣ್ಣಗೆ ಅದುರುತ್ತಿತ್ತು, ಬೆಚ್ಚಗಿತ್ತು. ಸಾಕು, ಆರಿಸೋಣ ಎಂದು ಹುಡುಗಿ ಎರಡು ಸಲ ಹೇಳಿದರೂ ಆಕೆ ಕೈ ತೆಗೆಯಲಿಲ್ಲ.