ಸ್ಟಿಯರಿಂಗ್ ಬಿಡದ ಅಂಕಲ್

ಟೆಕ್ಸಸ್‌ನ ಕ್ಯಾರಲ್ಟನ್‌ನಲ್ಲಿ ನಮ್ಮ ಪಕ್ಕದ ಮನೆಯ ಅಂಕಲ್ ಕೆಲಸಕ್ಕೆಂದು ವಾರವಾರವೂ ಹ್ಯೂಸ್ಟನ್‌ಗೆ ಕಾರಿನಲ್ಲಿ ಹೋಗಿಬರುತ್ತಿದ್ದರು. ನಾವೆಲ್ಲ ಸೇರಿ ಆಸ್ಟಿನ್‌ಗೆ ಹೊರಟರೂ ಸ್ಟಿಯರಿಂಗ್ ಅವರದೇ. "ನಾನ್ ನೋಡ್ಕೋತೀನಿ, ನೀವು ಮಲ್ಕೊಳ್ಳಿ" ಎಂದು ಒಂದು ಕೈಯಲ್ಲಿ ಕಣ್ಣುಜ್ಜಿಕೊಳ್ಳುತ್ತಿದ್ದರು. ನಾವು ನಿಜಕ್ಕೂ ಮಲಗಿಬಿಡುತ್ತಿದ್ದೆವು.

ಒಂದು ಬೇಸಿಗೆಯಲ್ಲಿ ಎರಡೂ ಮನೆಯವರು ಇಂಗ್ಲೆಂಡಿಗೆ ಹೋಗಿದ್ದಾಗ, ಕಾಲುವೆಯಲ್ಲಿ ಸಾಗುವ ಉದ್ದನೆಯ, ಕಿರಿದಾದ ದೋಣಿಯೊಂದನ್ನು ಒಂದು ದಿನಕ್ಕೆ ಬಾಡಿಗೆಗೆ ಹಿಡಿದೆವು. ದಡದಲ್ಲಿ ನಡೆಯುವವರೇ ನಮ್ಮನ್ನು ಹಿಂದೆ ಹಾಕುತ್ತಿದ್ದರು. ಚುಕ್ಕಾಣಿಯೂ ಅಂಕಲ್ ಕೈಗೇ ಹೋಯಿತು. ಅದನ್ನು ಬಲಕ್ಕೆ ತಳ್ಳಿದರೆ ದೋಣಿ ಎಡಕ್ಕೆ ತಿರುಗುತ್ತದೆ ಎಂದು ದೋಣಿಯವನು ಹೇಳಿಕೊಟ್ಟಿದ್ದ. ಆದರೂ ಅಂಕಲ್ ಕೈ ಕಾರಿನ ರೂಢಿ ಬಿಡಲಿಲ್ಲ. ಮೂರು ಸಲ ದಡದ ಜೊಂಡಿಗೆ ನುಗ್ಗಿಸಿದರು.

ಆಗ ಆಂಟಿ ಎದ್ದು ಬಂದು ಚುಕ್ಕಾಣಿ ಹಿಡಿದರು. ಅವರು ಟೆಕ್ಸಸ್‌ನಲ್ಲಿ ಡ್ರೈವಿಂಗ್ ಕಲಿತೇ ಇರಲಿಲ್ಲ. ಹಾಗಾಗಿ ಮರೆಯಬೇಕಾದ ರೂಢಿಯೂ ಇರಲಿಲ್ಲ. ದೋಣಿ ನೆಟ್ಟಗೆ ಸಾಗಿತು.

"ನಾನ್ ನೋಡ್ಕೋತೀನಿ, ನೀವು ಮಲ್ಕೊಳ್ಳಿ" ಎಂದರು ಆಂಟಿ.

ಅಂಕಲ್ ನನ್ನೆದುರಿನ ಬೆಂಚಿನಲ್ಲಿ ಕೂತವರು ಕೂತಲ್ಲೇ ನಿದ್ದೆ ಹೋದರು. ತಿರುವು ಬಂದಾಗಲೆಲ್ಲ ಅವರ ಬಲಗಾಲು ಮಾತ್ರ ನಿದ್ದೆಯಲ್ಲೇ, ಅಲ್ಲಿ ಇಲ್ಲದ ಬ್ರೇಕನ್ನು ಮೆಲ್ಲಗೆ ಒತ್ತುತ್ತಿತ್ತು.