ಸೋಮವಾರದ ಬ್ಯಾಟರಿ

ಗದಗಿನ್ಯಾಗ ನಮ್ಮದು ವಾದ್ಯದ ಅಂಗಡಿ. ಅಬ್ಬಾ ತೀರಿಕೊಂಡಮ್ಯಾಲ ನಾನ ನಡಸ್ತೀನಿ. ಗಿರಾಕಿ ಚೌಕಾಶಿ ಮಾಡಿದ್ರ ಸೈ, ಕುಂತು ಹರಟಿ ಹೊಡದ್ರ ನನಗ ಆಗಿಬರಂಗಿಲ್ಲ. ಈ ಮುಮ್ತಾಜಳ ಬಾಯಿ ಎಂಥಾದ್ದು ಅಂತ ಓಣಿಗೆಲ್ಲ ಗೊತ್ತು. ಆದ್ರ ಮುಂಡರಗಿ ಮೈಲಾರಲಿಂಗಪ್ಪ ಕಾಕಾನ ಮುಂದ ಆ ಬಾಯಿ ನಡೀಲೇ ಇಲ್ಲ.

ಕಾಕಾ ಮದವಿ ಆರ್ಕೆಸ್ಟ್ರಾದಾಗ ಪಿಟೀಲು ಬಾರಸ್ತಿದ್ದ. ಡಿಜೆ ಬಂದು ಆ ತಂಡ ಮುರೀತು. ಮದವಿ ಆಗಲಿಲ್ಲ, ಅಣ್ಣತಮ್ಮಂದ್ರೂ ಇಲ್ಲ. ಮಹಡಿ ಮ್ಯಾಲ ಒಂದು ಖೋಲಿ, ಅಷ್ಟ. ಕೆಳಗಿನ ಮನಿ ನರ್ಸಬಾಯಿ ರಾತ್ರಿ ಪಾಳಿ ಮುಗಿಸಿ ಹಗಲು ಮಲಗತಾಳ. ಆಕಿ ನಿದ್ದಿ ಕೆಡಬಾರದಂತ ಕಾಕಾ ಎಲೆಕ್ಟ್ರಿಕ್ ಪಿಟೀಲು ತಗೊಂಡಿದ್ದ. ಹೆಡ್‌ಫೋನ್ ಹಾಕ್ಕೊಂಡು ಬಾರಿಸಿದ್ರ ಅವನ ಕಿವಿಗಷ್ಟ ಕೇಳತೈತಿ. ಬಾರಿಸಾಂವನೂ ಅವನ, ಕೇಳಾಂವನೂ ಅವನ.

ಅದಕ್ಕ ಒಂಬತ್ತು ವೋಲ್ಟಿನ ಬ್ಯಾಟರಿ ಬೇಕು. ಮುಂಡರಗಿಯೊಳಗೂ ಸಿಗತೈತಿ. ಆದ್ರೂ ಸೋಮವಾರಕ್ಕೊಮ್ಮೆ ಬಸ್ ಹತ್ತಿ ಬಂದು ನನ್ನ ಕಡೆ ಒಂದ ಒಂದು ಒಯ್ತಿದ್ದ.

"ಬಾರಿಸಿದಮ್ಯಾಲ ಹೆಡ್‌ಫೋನಿನ ವೈರ್ ಕಿತ್ತಿಡ್ರಿ ಅಂತ ಎಷ್ಟ ಸಲ ಬಡಕೊಳ್ಳಲಿ ಕಾಕಾ? ವೈರ್ ಹಚ್ಚಿ ಬಿಟ್ರ ಸುಮ್ನ ಇಟ್ರೂ ಬ್ಯಾಟರಿ ಇಳೀತೈತ್ರಿ!"

"ಮರತಬಿಟ್ಟೆ ಬೇ," ಅಂತ ನಕ್ಕು ಸ್ಟೂಲಿನ ಮ್ಯಾಲ ಕುಂಡ್ರತಿದ್ದ. ಚಾ ಕುಡದು, ಬಸ್ಸಿನ್ಯಾಗಿನ ಜಗಳಾ, ಮುಂಡರಗಿ ಸಂತಿಯೊಳಗ ಉಳ್ಳಾಗಡ್ಡಿ ದರ ಎಲ್ಲಾ ಹೇಳಿ, "ವಾರದ ಮಾತು ಇವತ್ತ ಆಡಿದೆ ನೋಡು," ಅಂತಿದ್ದ. ಡಬ್ಬಿಗಟ್ಟಲೆ ಒಯ್ರಿ, ಸೋವಿ ಬೀಳತೈತಿ ಅಂದ್ರ ಒಲ್ಲೆ ಅಂತಿದ್ದ.

ಮೊನ್ನೆ ಆ ಪಿಟೀಲು ಗೂಟದಿಂದ ಬಿದ್ದು ಕುತ್ತಿಗಿ ಸೀಳೇತಿ. ಹೊಸಾದು ಆರಿಸಾಕ ಬಂದ. ಎರಡು ಮುಂದಿಟ್ಟೆ. ಒಂದು ಮೊದಲಿನಂಗ ಬ್ಯಾಟರಿದು, ಇನ್ನೊಂದು ಫೋನಿನಂಗ ಚಾರ್ಜಿಗೆ ಹಚ್ಚೂದು. ದರ ಎರಡಕ್ಕೂ ಒಂದ. ಚಾರ್ಜಿಂದನ್ನ ಕಣ್ಣು ಮುಚ್ಚಿ ಭಾಳ ಹೊತ್ತು ಬಾರಿಸಿದ.

"ದನಿ ಇದರದ ಚಲೋ ಐತಿ," ಅಂದ. ಅಂದು ಬ್ಯಾಟರಿದನ್ನ ಎತ್ತಿಕೊಂಡ.

"ಯಾ ಅಲ್ಲಾ! ತಲಿ ಕೆಟ್ಟೈತೇನ್ರಿ? ಚಾರ್ಜಿಂದು ಒಯ್ದ್ರ ಇತ್ಲಾಗ ಕಾಲಿಡೋ ಕೆಲಸನ ಇರಂಗಿಲ್ಲ!"

"ಅದಕ್ಕ ಅದು ಬ್ಯಾಡ."

"ಬ್ಯಾಟರಿ ಬ್ಯಾಡಾಗಿದ್ರೂ ಬರ್ರಿ ಕಾಕಾ. ಯಾರು ಬ್ಯಾಡ ಅಂದಾರ?"

"ಸುಮ್‌ಸುಮ್ನ ಬಂದ್ರ ಎರಡು ವಾರ ಚಾ ಕೊಡ್ತಿ. ಮೂರನೇ ವಾರ ಗಡಿಯಾರ ನೋಡ್ತಿ. ಗಿರಾಕಿ ಆದ್ರ ಹಕ್ಕಿನಿಂದ ಕುಂಡ್ರಬಹುದು ಬೇ."

ಹಂಗೇನಿಲ್ಲ ಅಂದಿದ್ರ ಸುಳ್ಳಾಗತಿತ್ತು. ನನ್ನ ಸಿಟ್ಟು ನನಗ ಗೊತ್ತಿಲ್ಲೇನು?

ಪಿಟೀಲು ಪೆಟ್ಟಿಗಿಯೊಳಗ ಇಟ್ಟೆ. ಹೊಸಾ ಬ್ಯಾಟರಿ ಹಾಕಿದೆ. ವೈರ್ ನಾನ ಹಚ್ಚಿ, ಮುಚ್ಚಳಾ ಮುಚ್ಚಿದೆ.

"ವೈರ್ ಕೀಳಲಿಲ್ಲಲ್ಲ ಮುಮ್ತಾಜ?"

"ಇರ್ಲಿ ಬಿಡ್ರಿ," ಅಂದೆ. "ಸೋಮವಾರ ಜಲ್ದಿ ಬರ್ರಿ."